ಅಂಕಿತವಳಿದ ಹಾಡು: ‘ಲಂಬಾಡ’ದ ವೃತ್ತಾಂತ

ನದೀಮೂಲ ಋಷಿಮೂಲಗಳನ್ನು ವಿಚಾರಿಸಬಾರದೆಂದು ಹಿರಿಯರು ಹೇಳುವುದುಂಟು. ಹಾಡಿನ ಮೂಲವನ್ನೂ ವಿಚಾರಿಸಬಾರದೆಂದು ಯಾರೂ ಹೇಳಿದಂತಿಲ್ಲ. ಹೇಳಿದ್ದರೂ ಅದನ್ನು ನಾವು ಒಪ್ಪತಕ್ಕುದಲ್ಲ. ಹಾಡು ಈಗ ಬರಿಯ ವಿನೋದವಾಗಿ ಉಳಿದಿರುವುದಿಲ್ಲ. ಅದು ಸೊತ್ತು, ಅದು ಸರಕು, ಅದು ಅನೇಕ ಸಂಸಾರಗಳ ಜೀವನೋಪಾಯ. ಮೂಲ ಯಾರದೆಂಬ ಪ್ರಶ್ನೆಗೆ ದೊರೆಯುವ ಉತ್ತರವನ್ನನುಸರಿಸಿ ಒಬ್ಬನ ಮನೆಗೆ ಹಣವೂ ಮಾನವೂ ಸೇರುತ್ತವೆ. ಇನ್ನೊಬ್ಬನ ಮನೆಗೆ ಅವೆರಡೂ ತಪ್ಪಿಹೋಗುತ್ತವೆ. ಈ ಮಾತಿಗೆ ನಿದರ್ಶನವಾಗಿ, ೧೯೮೯ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದಲ್ಲಿ ಹೊರಬಿದ್ದು ಆ ವರ್ಷವೇ ಖಂಡಖಂಡಾಂತರಗಳನ್ನು ಕುಣಿಸಿದ ‘ಲಂಬಾಡ’ ಎಂಬ ಹಾಡಿನ ವೃತ್ತಾಂತವನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶವಾಗಿದೆ.

‘ಲಂಬಾಡ’ ಎಂದೊಡನೆ ನಮ್ಮ ನಾಡಿನ ಲಂಬಾಣಿ ಜನರ ನೆನಪು ಬರುವುದು ಸಹಜ. ಆದರೆ ಇದು ಕೇವಲ ಧ್ವನಿಸಾಮ್ಯ. ಬ್ರೆಜಿಲ್ ದೇಶದವರು ಆಡುವ ಪೋರ್ತುಗೀಸ್ ನುಡಿಯಲ್ಲಿ ಈ ಪದಕ್ಕೆ ಬಾರುಕೋಲಿನ ಏಟು ಎಂದರ್ಥ. ಅದೇ ಹೆಸರು ಆ ದೇಶದ ಒಂದು ಜೋಡಿಕುಣಿತಕ್ಕೂ, ಆ ಕುಣಿತದಿಂದ ಈ ಹಾಡಿಗೂ ಬಂದಿತು. ಹಾಡಿದಾಕೆ ಬ್ರೆಜಿಲಿನವರು, ನುಡಿಸಿದವರಲ್ಲಿ ಫ್ರಾನ್ಸಿನವರೂ ಕೆರಿಬಿಯನ್ ದ್ವೀಪಗಳವರೂ ಇದ್ದರು, ಬಂಡವಾಳವು ಪ್ಯಾರಿಸಿನದು. ಮಟ್ಟು ಮಾತ್ರ ಇವರಾರದೂ ಆಗಿರಲಿಲ್ಲ. ಅದು ಹುಟ್ಟಿದುದು ಇವರೆಲ್ಲರಿಗೂ ದೂರವಾದ ಬೊಲಿವಿಯ ದೇಶದಲ್ಲಿ, ಇದಕ್ಕೆ ಎಂಟು ವರ್ಷಗಳ ಹಿಂದೆ.

ಬೆಟ್ಟದ ನಾಡಿನ ಅಳಲು

ಬೊಲಿವಿಯವು ದಕ್ಷಿಣ ಅಮೆರಿಕ ಖಂಡದ ನಡುವೆ, ಆಂಡಿಸ್ ಪರ್ವತಗಳ ಮಡಿಲಲ್ಲಿ, ಕಡಲ ತೀರವಿಲ್ಲದೆ ಇರುವ ನಾಡು. ಸ್ಪೇನಿನವರು ಆಳಿ ಹೋದ ಮೇಲೆಯೂ ಕೆಚುವ, ಐಮಾರ ಮೊದಲಾದ ನುಡಿಗಳನ್ನಾಡುವ ಮೂಲನಿವಾಸಿಗಳು ಅಲ್ಲಿ ತಮ್ಮ ವಾದ್ಯಗಳನ್ನೂ ಮಟ್ಟುಗಳನ್ನೂ ಉಳಿಸಿಕೊಂಡು ಬಂದಿರುವರು. ಅವುಗಳಲ್ಲಿ ‘ಚರಾಂಗೊ’ ಎಂಬುದು ಐದು ಜೋಡಿ ತಂತಿಗಳ ಪುಟ್ಟ ವಾದ್ಯ. ಹಿಂದೆ ಅದರ ಬುರುಡೆಯನ್ನು ಆರ್ಮಡಿಲೊ ಎಂಬ ಪ್ರಾಣಿಯ ಚಿಪ್ಪಿನಿಂದ ಮಾಡುತ್ತಿದ್ದರು. ‘ಸಂಪೋನ್ಯ’ ಎಂಬುದು ಉದ್ದಗಿಡ್ಡ ಜೊಂಡಿನ ಕೊಳವೆಗಳನ್ನು ಸಾಲಾಗಿ ಜೋಡಿಸಿ ಕಟ್ಟಿದ ಊದುವಾದ್ಯ. ಹಳ್ಳಿಗಳ ಪದ್ಧತಿಯಲ್ಲಿ ಇದನ್ನು ಒಬ್ಬನೇ ನುಡಿಸುವುದಿಲ್ಲ. ಸ್ವರಗಳನ್ನು ಎರಡು ವಾದ್ಯಗಳಿಗೆ ಹಂಚಿರುವುದರಿಂದ, ಇಬ್ಬರು ಸರದಿಯಂತೆ ಊದಿದಾಗಲೇ ಮಟ್ಟು ಪೂರ್ಣವಾಗುತ್ತದೆ.

ಪಟ್ಟಣದ ದೊಡ್ಡಮನುಷ್ಯರು ಬಹುಕಾಲ ಕೀಳೆಂದು ಕಂಡಿದ್ದ ಈ ವಾದ್ಯಗಳನ್ನು ವೇದಿಕೆಗೆ ತಂದು ಮನ್ನಣೆ ಗಳಿಸಿದ ಮಂಡಳಿಗಳಲ್ಲಿ ಕೊಚಬಾಂಬ ಪ್ರಾಂತದ ‘ಲೋಸ್ ಕಾರ್ಕಾಸ್’ ಪ್ರಮುಖವಾದುದು. ಎರ್ಮೋಸ ಎಂಬ ಮನೆತನದ ಸಹೋದರರು ೧೯೭೧ರಲ್ಲಿ ಅದನ್ನು ಕಟ್ಟಿದರು. ೧೯೮೧ರಲ್ಲಿ ಈ ಮಂಡಳಿಯು ಹೊರಡಿಸಿದ ಧ್ವನಿಮುದ್ರಿಕೆಯೊಂದರಲ್ಲಿ ಗೊಂಸಾಲೊ ಎರ್ಮೋಸ ಮತ್ತು ಉಲಿಸೆಸ್ ಎರ್ಮೋಸ ಎಂಬ ಅಣ್ಣತಮ್ಮಂದಿರ ರಚನೆಯಾದ ‘ಯೊರಾಂದೊ ಸೆ ಫುಎ’ ಎಂಬ ಹಾಡಿತ್ತು. ಅಳುತ್ತ ಹೊರಟುಹೋದ ಜೀವ ಎಂಬುದು ಆ ಸ್ಪ್ಯಾನಿಷ್ ಹೆಸರಿನ ತಾತ್ಪರ್ಯ. ಅಗಲಿಕೆಯ ದುಃಖವನ್ನು ಸಂಪೋನ್ಯದ ಉಸಿರಿನಲ್ಲಿಯೂ ಚರಾಂಗೊದ ಮಿಡಿತದಲ್ಲಿಯೂ ತುಂಬಿ ನಿಧಾನವಾಗಿ ಸಾಗುವ ಆ ಹಾಡನ್ನು ಕೇಳಿದವರು, ಮುಂದೆ ಇದೇ ಮಟ್ಟು ಯೂರೋಪಿನ ಕಡಲ ತೀರಗಳಲ್ಲಿ ಬೇಸಗೆಯ ಮೋಜಿಗೆ ಮೇಳವಾದೀತೆಂದು ಊಹಿಸಿರಲಾರರು.

ಕೈಯಿಂದ ಕೈಗೆ

ಒಳ್ಳೆಯ ಮಟ್ಟಿಗೆ ಗಡಿಯಿಲ್ಲ. ೧೯೮೪ರಲ್ಲಿ ನೆರೆಯ ಪೆರು ದೇಶದ ‘ಕ್ವಾರ್ತೆತೊ ಕಾಂತಿನೆಂತಾಲ್’ ಎಂಬ ಮೇಳದವರು ಈ ಹಾಡನ್ನು ಎತ್ತಿಕೊಂಡು, ಅದರ ನಡೆಯನ್ನು ಚುರುಕುಗೊಳಿಸಿ, ‘ಕುಂಬಿಯ’ ಎಂಬ ಕುಣಿತದ ತಾಳಕ್ಕೆ ಹೊಂದಿಸಿದರು. ಸಂಪೋನ್ಯದ ಸ್ಥಾನದಲ್ಲಿ ಅಕಾರ್ಡಿಯನ್ ಬಂದಿತು. ಇಂದು ಲಂಬಾಡವೆಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವ ಆ ಅಕಾರ್ಡಿಯನ್ನಿನ ಎಳೆತವು ಪ್ಯಾರಿಸಿನಲ್ಲಿ ಹುಟ್ಟಿದುದಲ್ಲ. ಪೆರುವಿನ ಈ ವಾದ್ಯಗಾರರಿಂದ ಬಂದುದು.

೧೯೮೬ರಲ್ಲಿ ಬ್ರೆಜಿಲಿನ ಗಾಯಕಿ ಮಾರ್ಸಿಯ ಫೆರೇರ ಎಂಬವರು ಸ್ಪ್ಯಾನಿಷ್ ಮಾತುಗಳನ್ನು ಪೋರ್ತುಗೀಸಿಗೆ ಪರಿವರ್ತಿಸಿ ‘ಶೊರಾಂದು ಸಿ ಫೋಯ್’ ಎಂಬ ಹೆಸರಿನಿಂದ ಹಾಡಿದರು. ಇದು ಕರ್ತೃಗಳ ಸಮ್ಮತಿಯಿಂದ ಆದ ಭಾಷಾಂತರ. ಇಲ್ಲಿಯ ತನಕ ಹಾಡಿನ ಪ್ರಯಾಣದಲ್ಲಿ ಆಕ್ಷೇಪಿಸತಕ್ಕ ಅಂಶವು ಕಾಣುವುದಿಲ್ಲ. ಒಬ್ಬರು ಮಟ್ಟು ಕೊಟ್ಟರು, ಒಬ್ಬರು ತಾಳ ಕೊಟ್ಟರು, ಒಬ್ಬರು ಬೇರೆ ಭಾಷೆಯ ಮಾತು ಕೊಟ್ಟರು. ಎಲ್ಲ ದೇಶಗಳಲ್ಲಿಯೂ ಸಂಗೀತವು ಬೆಳೆದುದು ಹೀಗೆಯೇ.

ಇದೇ ಕಾಲಕ್ಕೆ ಬ್ರೆಜಿಲಿನಲ್ಲಿ ಬೇರೊಂದು ಪ್ರವಾಹವು ಹರಿಯುತ್ತಿತ್ತು. ಆ ದೇಶದ ಉತ್ತರಕ್ಕಿರುವ ಪಾರಾ ಪ್ರಾಂತದಲ್ಲಿ, ಅಮೆಜಾನ್ ನದಿಯ ಮುಖದ ಸಮೀಪದಲ್ಲಿ, ‘ಕರಿಂಬೊ’ ಎಂಬ ಹಳೆಯ ಜನಪದ ಕುಣಿತವು ಕೆರಿಬಿಯನ್ ದ್ವೀಪಗಳಿಂದ ಬಂದ ತಾಳಗಳೊಡನೆ ಬೆರೆತು ‘ಲಂಬಾಡ’ ಎಂಬ ಹೊಸ ಜೋಡಿಕುಣಿತವಾಗಿತ್ತು. ಅದು ದಕ್ಷಿಣಕ್ಕೆ ಸರಿದು, ಬಾಹಿಯ ಪ್ರಾಂತದ ಪೋರ್ತು ಸೆಗೂರು ಎಂಬ ಕಡಲೂರಿನಲ್ಲಿ ಪ್ರವಾಸಿಗಳ ಕಣ್ಮಣಿಯಾಯಿತು. ಬೊಲಿವಿಯದ ಮಟ್ಟಿಗೂ ಪಾರಾ ಪ್ರಾಂತದ ಕುಣಿತಕ್ಕೂ ಹುಟ್ಟಿನಿಂದ ಬಂದ ನಂಟಿರಲಿಲ್ಲ. ಅವೆರಡಕ್ಕೂ ಗಂಟು ಹಾಕಿದವರು ಪ್ಯಾರಿಸಿನ ವ್ಯಾಪಾರಸ್ಥರು.

ಪ್ಯಾರಿಸಿನ ಕಾರ್ಖಾನೆ

ಒಲಿವಿಯೆ ಲೋರ್ಸಾಕ್ ಎಂಬ ಫ್ರೆಂಚ್ ಮಹಾಶಯರು ಪೋರ್ತು ಸೆಗೂರಿನಲ್ಲಿ ಈ ಕುಣಿತವನ್ನು ಕಂಡು ಬೆರಗಾದರು. ಇದನ್ನು ಯೂರೋಪಿಗೆ ಕೊಂಡೊಯ್ದರೆ ಲಾಭವಿದೆಯೆಂದು ಅವರಿಗೆ ಹೊಳೆಯಿತು. ಧ್ವನಿಮುದ್ರಣದ ವ್ಯವಹಾರದಲ್ಲಿ ಪಳಗಿದ್ದ ಝಾನ್ ಕಾರಾಕೋಸ್ ಎಂಬವರನ್ನು ಜೊತೆಗೂಡಿಕೊಂಡು ಅವರು ಬ್ರೆಜಿಲಿನಲ್ಲಿ ನೂರಾರು ಲಂಬಾಡ ಹಾಡುಗಳ ಹಕ್ಕುಗಳನ್ನು ಸಗಟಾಗಿ ಕೊಂಡುಕೊಂಡರು. ಬಳಿಕ ಹಾಡುವುದಕ್ಕೆ ಒಂದು ಮೇಳ ಬೇಕಾಯಿತು. ಸೆನೆಗಾಲ್ ದೇಶದವರು ಪ್ಯಾರಿಸಿನಲ್ಲಿ ಕಟ್ಟಿದ್ದ ‘ತೂರೆ ಕುಂಡ’ ಎಂಬ ಹೆಸರಾಂತ ಮೇಳದೊಡನೆ ನುಡಿಸಿ ನುರಿತಿದ್ದ ವಾದ್ಯಗಾರರನ್ನು ಸೇರಿಸಿ ‘ಕಾವೋಮಾ’ ಎಂಬ ಮೇಳವನ್ನು ಕಟ್ಟಲಾಯಿತು. ಅದರ ಸಂಗೀತವನ್ನು ಹೊಂದಿಸಿದವರು ಝಾನ್ ಕ್ಲೋದ್ ಬೊನಾವೆಂತ್ಯೂರ್ ಎಂಬ ಫ್ರೆಂಚರು. ಗಿಟಾರು ಬಾರಿಸಿದವರು ಗ್ವಾದೆಲೂಪ್ ದ್ವೀಪದವರು. ಬಾಸ್ ಗಿಟಾರಿನವರು ಮಾರ್ತಿನೀಕ್ ದ್ವೀಪದವರು. ಹಾಡಿದ ಲೊವಾಲ್ವ ಬ್ರಾಸ್ ರಿಯೊ ನಗರದಲ್ಲಿ ಜನಿಸಿ ಪ್ಯಾರಿಸಿನಲ್ಲಿ ನೆಲಸಿದ್ದ ಗಾಯಕಿ.

ಆಕೆಯ ಕಂಠದಲ್ಲಿ ಮಾರ್ಸಿಯ ಫೆರೇರ ಅವರ ಪೋರ್ತುಗೀಸ್ ಮಾತುಗಳು. ಅಡಿಯಲ್ಲಿ ಪೆರುವಿನವರ ಅಕಾರ್ಡಿಯನ್ನಿನ ಎಳೆತ. ಅದರಡಿಯಲ್ಲಿ ಯೂರೋಪಿನ ನೃತ್ಯಶಾಲೆಗಳಿಗೆ ಹಿಡಿಸುವ, ಯಂತ್ರದಿಂದ ಅಳೆದಿಟ್ಟಂತಹ ತಾಳ. ಎಲ್ಲಕ್ಕೂ ಆಧಾರವಾಗಿ ಎರ್ಮೋಸ ಸಹೋದರರ ಮಟ್ಟು. ಈ ಪಾಕವನ್ನು ಹದಗೊಳಿಸಿದವರ ಕೌಶಲವನ್ನು ನಾವು ಅಲ್ಲಗಳೆಯುವುದಿಲ್ಲ. ಅಳುವಿನ ಹಾಡಿಗೆ ಕುಣಿಯುವ ಕಾಲು ಕೊಟ್ಟು, ಅಳುವನ್ನೂ ಪೂರ್ಣವಾಗಿ ಕಳೆಯದೆ ಉಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ. ಮಾತಿನ ಅರ್ಥವು ತಿಳಿಯದೆ ಕುಣಿದವರನ್ನೂ ಆ ಮಟ್ಟಿನೊಳಗಿನ ವಿಷಾದವು ಒಳಗೊಳಗೆ ತಟ್ಟಿತೆಂದು ತೋರುತ್ತದೆ. ಬರಿಯ ಉಲ್ಲಾಸದ ಹಾಡುಗಳು ಆ ವರ್ಷದೊಡನೆ ಮರೆಯಾದುವು, ಇದು ಉಳಿಯಿತು.

ಆದರೆ ತಟ್ಟೆಯ ಮೇಲೆ ಕರ್ತೃವಿನ ಹೆಸರನ್ನು ಅಚ್ಚು ಹಾಕಿಸುವ ವೇಳೆಗೆ ನಡೆದ ಕಾರ್ಯವು ಬೇರೆ ತೆರನಾದುದು. ಅಲ್ಲಿ ಎರ್ಮೋಸ ಎಂಬ ಹೆಸರು ಇರಲಿಲ್ಲ, ಫೆರೇರ ಎಂಬ ಹೆಸರೂ ಇರಲಿಲ್ಲ. ‘ಶಿಕು ದಿ ಒಲಿವೇರ’ ಎಂಬ ಬ್ರೆಜಿಲಿನವನಂತೆ ಕಾಣುವ ಒಂದು ಹೆಸರಿತ್ತು. ಅಂತಹ ಕವಿಯಾಗಲಿ ಸಂಗೀತಗಾರನಾಗಲಿ ಈ ವ್ಯವಹಾರದಲ್ಲಿ ಇರಲಿಲ್ಲ. ಅದು ಲೋರ್ಸಾಕರೇ ತೊಟ್ಟುಕೊಂಡ ಕಾವ್ಯನಾಮವಾಗಿತ್ತು.

ಕುಣಿದ ಜಗತ್ತು

೧೯೮೯ರ ಬೇಸಗೆಯಲ್ಲಿ ಒಂಟಿ ಹಾಡಿನ ತಟ್ಟೆಯಾಗಿ, ಎಂದರೆ ವ್ಯಾಪಾರದವರು ‘ಸಿಂಗಲ್’ ಎಂದು ಕರೆಯುವ ರೂಪದಲ್ಲಿ, ಈ ಹಾಡು ಹೊರಬಂದಿತು. ಫ್ರಾನ್ಸಿನ ಮುಖ್ಯ ಖಾಸಗಿ ಟೆಲಿವಿಷನ್ ಸಂಸ್ಥೆಯಾದ ಟಿ.ಎಫ್. ೧ ಇದರಲ್ಲಿ ಪಾಲುದಾರನಾಗಿ, ಹಾಡಿನ ಚಿತ್ರಗಳನ್ನು ದಿನದಿನವೂ ಎಡೆಬಿಡದೆ ತೋರಿಸಿತು. ‘ಒರಾಂಜಿನಾ’ ಎಂಬ ಕಿತ್ತಳೆಯ ಪಾನೀಯದವರು ತಮ್ಮ ಸರಕಿನ ಹೆಸರನ್ನು ಅದಕ್ಕೆ ಜೋಡಿಸಿದರು. ಬಾಹಿಯದ ಕಡಲ ತೀರ, ಬಿಸಿಲು, ಕುಣಿಯುವ ಇಬ್ಬರು ಮಕ್ಕಳು, ಇವು ಆ ಚಿತ್ರದ ಸಾಮಗ್ರಿ. ಹಾಡನ್ನು ಜನರು ಮೆಚ್ಚಿದುದರಿಂದ ಟೆಲಿವಿಷನ್ ಅದನ್ನು ತೋರಿಸುವುದು ಹಿಂದಿನ ಕ್ರಮವಾಗಿತ್ತು. ಬೇಸಗೆಗೆ ಮೊದಲೇ ಒಂದು ಹಾಡನ್ನು ಆರಿಸಿಟ್ಟು ಟೆಲಿವಿಷನ್ನಿನ ಬಲದಿಂದ ಜನರು ಮೆಚ್ಚುವಂತೆ ಮಾಡುವುದು ಆ ವರ್ಷ ಫ್ರಾನ್ಸಿನಲ್ಲಿ ಪಟ್ಟಾಗಿ ಬೇರೂರಿದ ಹೊಸ ಕ್ರಮ.

ಫಲವು ಕೂಡಲೆ ಕಂಡಿತು. ಫ್ರಾನ್ಸಿನ ಮಾರಾಟದ ಪಟ್ಟಿಯಲ್ಲಿ ಹಾಡು ೧೨ ವಾರಗಳ ಕಾಲ ಪ್ರಥಮ ಸ್ಥಾನದಲ್ಲಿ ನಿಂತಿತು. ಯೂರೋಪಿನ ಇತರ ಅನೇಕ ದೇಶಗಳಲ್ಲಿಯೂ ಮೊದಲನೆಯದಾಯಿತು. ಇಂಗ್ಲೆಂಡಿನಲ್ಲಿ ೪ನೆಯ ಸ್ಥಾನಕ್ಕೇರಿತು. ಆ ಒಂದು ವರ್ಷದಲ್ಲಿ ಸುಮಾರು ೫೦ ಲಕ್ಷ ಪ್ರತಿಗಳು ಮಾರಾಟವಾದುವೆಂದು ಲೆಕ್ಕ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಾತ್ರ ಅದು ೪೬ನೆಯ ಸ್ಥಾನವನ್ನು ದಾಟಲಿಲ್ಲ. ಹಾಡನ್ನು ಅಷ್ಟಾಗಿ ಕೊಳ್ಳದ ಆ ದೇಶದವರೇ ೧೯೯೦ರ ಮಾರ್ಚಿ ೧೬ರಂದು, ಒಂದೇ ದಿನ, ಲಂಬಾಡ ಕುಣಿತದ ಮೇಲೆ ಎರಡು ಚಲನಚಿತ್ರಗಳನ್ನು ಸ್ಪರ್ಧೆಯಿಂದ ಬಿಡುಗಡೆ ಮಾಡಿದರು. ಜೊತೆಯಾಗಿ ವ್ಯಾಪಾರ ಮಾಡುತ್ತಿದ್ದು ಬೇರೆಯಾದ ಇಬ್ಬರು ದಾಯಾದಿಗಳ ಪೈಪೋಟಿಯು ಇದಕ್ಕೆ ಕಾರಣ. ಒಂದು ಪದವು ಹಣ ತರುವುದೆಂದು ಕಂಡೊಡನೆ ಅದರ ಹಿಂದೆ ಎಷ್ಟು ಜನ ಓಡುವರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ಸಂಭ್ರಮವೆಲ್ಲ ಬೊಲಿವಿಯಕ್ಕೆ ಮುಟ್ಟಿದಾಗ ಅಲ್ಲಿನ ಜನರಿಗಾದ ಅನುಭವವನ್ನು ವಾಚಕರು ಊಹಿಸಬಹುದು. ತಮ್ಮ ಮನೆಯ ಮದುವೆಮುಂಜಿಗಳಲ್ಲಿ ಹಾಡುತ್ತಿದ್ದ ಹಾಡನ್ನು ರೇಡಿಯೊ ಬ್ರೆಜಿಲಿನದೆಂದು ಹೇಳುತ್ತಿದೆ. ಬರೆದವನು ಯಾರೋ ಒಲಿವೇರನಂತೆ! ಸಮುದ್ರ ತೀರವನ್ನು ಹಿಂದಿನ ಯುದ್ಧದಲ್ಲಿ ಕಳೆದುಕೊಂಡ ಆ ದೇಶವು, ಬೆಟ್ಟದ ಮೇಲೆ ಹುಟ್ಟಿದ ತನ್ನ ಹಾಡನ್ನೂ ಪರರ ಕಡಲ ತೀರದಲ್ಲಿ ಕಾಣಬೇಕಾಯಿತು.

ಖಾತೆ ಯಾರ ಹೆಸರಿನಲ್ಲಿ?

ಇಲ್ಲಿ ಹಾಡಿನ ಹಣವು ಹರಿಯುವ ಬಗೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ತಟ್ಟೆ ಮಾರಿದ ಹಣವು ಎಲ್ಲವೂ ಹಾಡಿದವರಿಗೆ ಸೇರುವುದಿಲ್ಲ. ಮಟ್ಟು ಕಟ್ಟಿದವನಿಗೆ, ಮಾತು ಬರೆದವನಿಗೆ, ಅವರ ಪರವಾಗಿ ವ್ಯವಹರಿಸುವ ಪ್ರಕಾಶಕನಿಗೆ ಬೇರೆ ಪಾಲುಂಟು. ರೇಡಿಯೊ, ಟೆಲಿವಿಷನ್, ನೃತ್ಯಶಾಲೆ, ಹೋಟೆಲುಗಳಲ್ಲಿ ಹಾಡು ಕೇಳಿಬಂದಾಗಲೂ ಶುಲ್ಕ ಸಲ್ಲಬೇಕು. ಈ ಶುಲ್ಕವನ್ನು ವಸೂಲು ಮಾಡಿ ಹಂಚುವುದಕ್ಕಾಗಿ ಒಂದೊಂದು ದೇಶದಲ್ಲಿಯೂ ಸಂಘಗಳಿವೆ. ಅವುಗಳ ದಫ್ತರದಲ್ಲಿ ಹಾಡು ಯಾರ ಹೆಸರಿನಲ್ಲಿದೆಯೋ ಹಣವು ಅವರ ಕಡೆಗೇ ಹರಿಯುತ್ತದೆ. ಕಂದಾಯದ ಕೆಲಸ ಬಲ್ಲ ನಮ್ಮ ಅಧಿಕಾರಿ ವಾಚಕರಿಗೆ ಇದು ಹೊಸದಲ್ಲ. ಹೊಲವನ್ನು ಉತ್ತವನು ಯಾರೇ ಆಗಿರಲಿ, ಖಾತೆ ಯಾರ ಹೆಸರಿನಲ್ಲಿದೆಯೋ ಕಚೇರಿಯು ಅವನನ್ನೇ ಕೇಳುತ್ತದೆ.

ಈ ವ್ಯವಸ್ಥೆಯು ಜನಿಸಿದುದು ಫ್ರಾನ್ಸಿನಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ. ೧೮೪೭ರಲ್ಲಿ ಎರ್ನೆಸ್ತ್ ಬೂರ್ಜೆ ಎಂಬ ಗೀತಕಾರನು ಪ್ಯಾರಿಸಿನ ಒಂದು ಪಾನಗೃಹದಲ್ಲಿ ಕುಳಿತಿದ್ದಾಗ ತನ್ನ ಕೃತಿಯನ್ನೇ ಅಲ್ಲಿ ನುಡಿಸುತ್ತಿರುವುದನ್ನು ಕೇಳಿ, ನೀವು ನನ್ನ ಹಾಡಿಗೆ ಹಣ ಕೊಡದಿದ್ದ ಮೇಲೆ ನಾನು ನಿಮ್ಮ ಪಾನೀಯಕ್ಕೆ ಹಣ ಕೊಡತಕ್ಕುದಿಲ್ಲವೆಂದು ಹಟ ಹಿಡಿದನು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ ಅವನಿಗೆ ಜಯವಾಯಿತು. ಅದರ ಫಲವಾಗಿ ೧೮೫೧ರಲ್ಲಿ ‘ಸಾಸೆಂ’ ಎಂಬ ಸಂಘವು ಸ್ಥಾಪಿತವಾಯಿತು. ಕರ್ತೃವಿಗೆ ಸಲ್ಲತಕ್ಕುದನ್ನು ಸಲ್ಲಿಸಬೇಕೆಂಬ ಪಾಠವನ್ನು ಲೋಕಕ್ಕೆ ಕಲಿಸಿದ ಪಟ್ಟಣದಲ್ಲಿಯೇ ಲಂಬಾಡಕ್ಕೆ ಸುಳ್ಳು ಖಾತೆಯಾದುದು ವಿಷಾದಕರವಾಗಿದೆ.

ಎರ್ಮೋಸ ಸಹೋದರರನ್ನು ಉಳಿಸಿದುದು ಜನರ ಕೋಪವಲ್ಲ, ಸರ್ಕಾರದ ಪ್ರತಿಭಟನೆಯಲ್ಲ, ಒಂದು ಕಾಗದ. ೧೯೮೫ರಲ್ಲಿ, ಎಂದರೆ ಕಾವೋಮಾ ಮೇಳವು ಹುಟ್ಟುವುದಕ್ಕೆ ಮೊದಲೇ, ಜರ್ಮನಿಯ ‘ಗೇಮಾ’ ಎಂಬ ಇಂತಹದೇ ಸಂಘದಲ್ಲಿ ಈ ಹಾಡು ಅವರ ಹೆಸರಿನಲ್ಲಿ ನೋಂದಾಯಿತವಾಗಿತ್ತು. ಅವರ ಪಕ್ಷದಲ್ಲಿ ನಿಂತ ಪ್ರಕಾಶಕರು ಆ ಕಾಗದವನ್ನು ಮುಂದಿಟ್ಟು ವ್ಯಾಜ್ಯ ಹೂಡಿದರು. ೧೯೯೦ರಲ್ಲಿ ಹಾಡು ಎರ್ಮೋಸ ಸಹೋದರರದೆಂದು ಇತ್ಯರ್ಥವಾಗಿ ಅವರಿಗೆ ಪರಿಹಾರ ಸಂದಿತು. ಆ ಕಾಗದವಿಲ್ಲದಿದ್ದರೆ ಗತಿಯೇನಾಗುತ್ತಿತ್ತು? ಮೂಲವು ಜನಪದದ್ದು, ಯಾರದೂ ಅಲ್ಲವೆಂಬ ಒಂದು ಮಾತಿನಿಂದ ಪ್ರಕರಣವು ಮುಗಿದುಹೋಗುತ್ತಿದ್ದುದರಲ್ಲಿ ಸಂದೇಹವಿಲ್ಲ.

ಇಂತಹ ಮಾತು ಹಿಂದೆಯೂ ಕೇಳಿಬಂದಿತ್ತು. ಪೆರುವಿನ ದಾನಿಯೆಲ್ ಅಲೊಮಿಯ ರೊಬ್ಲೆಸ್ ೧೯೧೩ರಲ್ಲಿ ರಚಿಸಿ, ೧೯೩೩ರಲ್ಲಿ ಅಮೆರಿಕದಲ್ಲಿ ನೋಂದಾಯಿಸಿದ್ದ ‘ಎಲ್ ಕೊಂದೊರ್ ಪಾಸ’ ಎಂಬ ಕೃತಿಯನ್ನು ಪಾಲ್ ಸೈಮನ್ ಅವರು ಹಳೆಯ ಜನಪದ ಮಟ್ಟೆಂದು ನಂಬಿ, ೧೯೭೦ರಲ್ಲಿ ಹೊಸ ಮಾತುಗಳೊಡನೆ ಹೊರತಂದರು. ರೊಬ್ಲೆಸರ ಪುತ್ರರು ದಾವೆ ಹೂಡಿ ತಂದೆಯ ಹೆಸರನ್ನು ಮರಳಿ ಪಡೆದರು. ೧೯೭೩ರ ಏಪ್ರಿಲಿನಲ್ಲಿ ಬೊಲಿವಿಯ ಸರ್ಕಾರವು ಯುನೆಸ್ಕೊ ಸಂಸ್ಥೆಗೆ ಪತ್ರ ಬರೆದು, ಜನಪದ ಕಲೆಗಳಿಗೂ ಕೃತಿಸ್ವಾಮ್ಯದಂತಹ ರಕ್ಷಣೆ ದೊರೆಯಬೇಕೆಂದು ಕೇಳಿಕೊಂಡಿತು. ಆ ಪತ್ರ ಬರೆದ ಹದಿನಾರು ವರ್ಷಗಳ ಮೇಲೆ ಅದೇ ದೇಶದ ಹಾಡಿಗೇ ಈ ಗತಿ ಬಂದಿತು.

ಎರಡು ಆಕ್ಷೇಪಗಳು

ಈ ವಿಷಯದಲ್ಲಿ ಎರಡು ಆಕ್ಷೇಪಗಳು ಬರುವುವು. ಪ್ಯಾರಿಸಿನವರ ಸಾಹಸವಿಲ್ಲದಿದ್ದರೆ ಆ ಹಾಡು ಬೊಲಿವಿಯದ ಕಣಿವೆಯಲ್ಲಿಯೇ ಉಳಿಯುತ್ತಿತ್ತು. ಎರ್ಮೋಸ ಸಹೋದರರು ಕೃತಜ್ಞರಾಗಿರಬೇಕಾಗಿತ್ತು ಎಂಬುದು ಮೊದಲನೆಯದು. ಈ ವಾದದಲ್ಲಿ ವ್ಯಾಪಾರಕ್ಕೆ ಸಲ್ಲತಕ್ಕ ಗೌರವವಿದೆಯಾದರೂ ನ್ಯಾಯವಿಲ್ಲ. ಹಾಡು ಕಣಿವೆಯಲ್ಲಿ ಉಳಿದಿರಲಿಲ್ಲ. ಪೆರುವನ್ನೂ ಬ್ರೆಜಿಲನ್ನೂ ಅದು ತನ್ನ ಕಾಲಿನಿಂದಲೇ ನಡೆದು ದಾಟಿತ್ತು. ಇನ್ನು ವರ್ತಕನ ಸಾಹಸಕ್ಕೆ ವರ್ತಕನ ಲಾಭವು ಸಲ್ಲಲಿ, ಯಾರೂ ಬೇಡವೆನ್ನರು. ರೈತನ ಹತ್ತಿಯಿಂದ ಬಟ್ಟೆ ನೇಯಿಸಿ ಮಾರಿದ ಗಿರಣಿಯವನು ಬಟ್ಟೆಯ ಲಾಭವನ್ನು ಪಡೆಯುತ್ತಾನೆ. ಹತ್ತಿಯನ್ನು ತಾನೇ ಬೆಳೆದೆನೆಂದು ಪಹಣಿಯಲ್ಲಿ ಬರೆಯಿಸಿಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಎರ್ಮೋಸ ಸಹೋದರರ ಹಾಡೂ ನಿರ್ವಾತದಲ್ಲಿ ಹುಟ್ಟಿದುದಲ್ಲವಷ್ಟೆ? ಅವರ ಮಂಡಳಿಯವರು ಈ ಬಗೆಯ ತಾಳದ ಹಾಡುಗಳನ್ನು ‘ಸಾಯ’ ಎಂದು ಕರೆದು ಪ್ರಚಾರಕ್ಕೆ ತಂದರು. ಸಾಯ ಎಂಬುದು ಬೊಲಿವಿಯದ ಯುಂಗಾಸ್ ಕಣಿವೆಗಳಲ್ಲಿ ನೆಲಸಿರುವ ಕಪ್ಪು ಜನರ ಹಾಡುಕುಣಿತ. ಸ್ಪೇನಿನವರ ಕಾಲದಲ್ಲಿ ಗುಲಾಮರನ್ನಾಗಿ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯವರು ಇವರು. ನಮ್ಮ ಸಾಯ ಇದಲ್ಲ; ನಮ್ಮ ಹೆಸರನ್ನು ಬೇರೆಯ ತಾಳಕ್ಕೆ ಹಚ್ಚಲಾಗಿದೆಯೆಂದು ಅವರು ಆಕ್ಷೇಪಿಸುತ್ತ ಬಂದಿರುವರು. ಈ ಜನಾಂಗಕ್ಕೆ ಆ ದೇಶದ ರಾಜ್ಯಾಂಗದಲ್ಲಿ ಹೆಸರು ಹಿಡಿದು ಮನ್ನಣೆ ದೊರೆತುದು ೨೦೦೯ರಲ್ಲಿ. ಪ್ಯಾರಿಸಿನವರಿಂದ ಅನ್ಯಾಯವನ್ನು ಅನುಭವಿಸಿದವರ ಮೇಲೆಯೇ ತಮ್ಮ ದೇಶದೊಳಗೆ ಇಂತಹ ದೂರು ಉಂಟಾದುದನ್ನು ಮರೆಮಾಚಲಾಗದು.

ಇದರಿಂದ ಕೆಲವರು, ಎಲ್ಲರೂ ಎಲ್ಲರಿಂದ ತೆಗೆದುಕೊಂಡವರೇ, ಆದುದರಿಂದ ಯಾರಿಗೂ ಏನೂ ಸಲ್ಲಬೇಕಾಗಿಲ್ಲ ಎಂಬ ನಿರ್ಣಯಕ್ಕೆ ಬರುವರು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿದೆ. ಸಾಲದ ಸರಪಳಿ ಉದ್ದವಾಗಿದೆಯೆಂದ ಮಾತ್ರಕ್ಕೆ ಸಾಲವು ತೀರುವುದಿಲ್ಲ. ಪಡೆದವನು ತನಗೆ ತಿಳಿದಷ್ಟು ಮಟ್ಟಿಗೆ ಕೊಟ್ಟವನ ಹೆಸರನ್ನು ಹೇಳಬೇಕು. ಹೆಸರು ಹೇಳಿ ಪಡೆದರೆ ಅದು ವಿನಿಮಯ. ಹೆಸರನ್ನು ಅಳಿಸಿ ಪಡೆದರೆ ಅಪಹಾರ. ಮಾರ್ಸಿಯ ಫೆರೇರ ಅವರೂ ಎರ್ಮೋಸರ ಹಾಡನ್ನು ಎತ್ತಿಕೊಂಡರು, ಲೋರ್ಸಾಕರೂ ಎತ್ತಿಕೊಂಡರು. ಇಬ್ಬರ ನಡುವಿನ ಅಂತರವು ಒಂದು ಹೆಸರಿನದು.

ಹಾಡಿನ ಮುಂದಿನ ಕಥೆಯು ಈ ಮಾತನ್ನೇ ಸಮರ್ಥಿಸುತ್ತದೆ. ಉಲಿಸೆಸ್ ಎರ್ಮೋಸ ೧೯೯೨ರಲ್ಲಿ ಕಾಲವಾದರು. ಗಾಯಕಿ ಲೊವಾಲ್ವ ಬ್ರಾಸ್ ೨೦೧೭ರ ಜನವರಿಯಲ್ಲಿ ಬ್ರೆಜಿಲಿನ ಸಕ್ವರೇಮ ಎಂಬ ಊರಿನಲ್ಲಿ ದರೋಡೆಕೋರರ ಕೈಯಿಂದ ದಾರುಣವಾಗಿ ಹತರಾದರು. ಹಾಡು ಮಾತ್ರ ಸಾಯಲಿಲ್ಲ. ೨೦೧೧ರಲ್ಲಿ ಜೆನಿಫರ್ ಲೋಪೆಜ್ ‘ಆನ್ ದಿ ಫ್ಲೋರ್’ 이ಂಬ ಹೆಸರಿನಿಂದ ಹೊರತಂದ ನೃತ್ಯಗೀತದಲ್ಲಿ ಅದೇ ಮಟ್ಟು ಮತ್ತೆ ಕೇಳಿಬಂದು ಹಲವು ದೇಶಗಳಲ್ಲಿ ಪ್ರಥಮ ಸ್ಥಾನಕ್ಕೇರಿತು. ಈ ಬಾರಿ ಕರ್ತೃಗಳ ಪಟ್ಟಿಯಲ್ಲಿ ಗೊಂಸಾಲೊ ಮತ್ತು ಉಲಿಸೆಸ್ ಎರ್ಮೋಸರ ಹೆಸರುಗಳು ಕ್ರಮವಾಗಿ ಅಚ್ಚಾಗಿದ್ದುವು. ಮೊರಾಕೊ ದೇಶದಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲಸಿದ್ದ ಸಂಗೀತಗಾರನೊಬ್ಬನು ಅಮೆರಿಕದ ಗಾಯಕಿಗಾಗಿ ಅದನ್ನು ಹೊಂದಿಸಿಕೊಟ್ಟನು. ಹೆಸರು ಹೇಳಿದುದರಿಂದ ಹಾಡಿನ ಮೆರುಗು ಕುಂದಲಿಲ್ಲ, ವ್ಯಾಪಾರವೂ ಕೆಡಲಿಲ್ಲ.

ನಮ್ಮ ಮನೆಯ ಮಾತು

ಇಷ್ಟನ್ನೂ ಓದಿ, ಇದು ಪರದೇಶದ ಕಥೆಯೆಂದು ಪತ್ರಿಕೆಯನ್ನು ಮಡಿಸಿಡುವಂತಿಲ್ಲ. ೧೯೯೦ರಲ್ಲಿ ತೆರೆಕಂಡ ‘ಘಾಯಲ್’ ಎಂಬ ಹಿಂದಿ ಚಿತ್ರದ ಒಂದು ಹಾಡಿನಲ್ಲಿ ಲಂಬಾಡದ ಮಟ್ಟೇ ಕೇಳಿಬಂದಿತು. ಚಿತ್ರದ ಸಂಗೀತ ನಿರ್ದೇಶಕರು ಬಪ್ಪಿ ಲಾಹಿರಿಯವರು. ದೇಶದ ಮೂಲೆಮೂಲೆಗಳಲ್ಲಿ ಜನರು ಅದನ್ನು ಗುನುಗಿದರು. ಬೊಲಿವಿಯದ ಹೆಸರು ಯಾರ ಬಾಯಲ್ಲಿಯೂ ಬರಲಿಲ್ಲ. ವಿಧಿಯ ವಿಲಾಸವನ್ನು ನೋಡಿರಿ: ಲೋಸ್ ಕಾರ್ಕಾಸ್ ಮಂಡಳಿಯ ಹಾಡು ಹೊರಬಂದ ೧೯೮೧ರಲ್ಲಿಯೇ ಲಾಹಿರಿಯವರು ‘ಜ್ಯೋತಿ’ ಎಂಬ ಚಿತ್ರಕ್ಕಾಗಿ, ಲತಾ ಮಂಗೇಶ್ಕರರು ಹಾಡಿದ ಒಂದು ಗೀತಕ್ಕೆ ಸಂಗೀತವನ್ನಿತ್ತಿದ್ದರು. ಅದರ ಭಾಗವನ್ನು ೨೦೦೨ರಲ್ಲಿ ಅಮೆರಿಕದವರು ‘ಅಡಿಕ್ಟಿವ್’ ಎಂಬ ತಮ್ಮ ಹಾಡಿನಲ್ಲಿ ಅನುಮತಿಯಿಲ್ಲದೆ ಸೇರಿಸಿಕೊಂಡರು. ೨೦೦೩ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯವು, ಲಾಹಿರಿಯವರ ಹೆಸರನ್ನು ನಮೂದಿಸಿದ ಹೊರತು ಆ ಮುದ್ರಿಕೆಯನ್ನು ಮಾರತಕ್ಕುದಲ್ಲವೆಂದು ಆಜ್ಞೆ ಮಾಡಿತು. ನಮ್ಮವರ ಹೆಸರನ್ನು ಪರರು ಅಳಿಸಿದಾಗ ನಮಗಾದ ನೋವೇ, ಪರರ ಹೆಸರನ್ನು ನಮ್ಮವರು ಅಳಿಸಿದಾಗ ಅವರಿಗೂ ಆಗಿರಬೇಕು. ಸ್ವಾಭಿಮಾನವು ಒಂದು ಕಡೆಗೆ ಮಾತ್ರ ತೂಗುವ ತಕ್ಕಡಿಯಾಗಬಾರದು.

ಕನ್ನಡಿಗರಿಗೆ ಈ ವಿಚಾರವು ಬಹು ಹಿಂದೆಯೇ ತಿಳಿದಿತ್ತು. ಶಿವಶರಣರೂ ಹರಿದಾಸರೂ ತಮ್ಮ ರಚನೆಗಳಲ್ಲಿ ಅಂಕಿತವನ್ನು ಇರಿಸಿದರು. ಕೂಡಲಸಂಗಮದೇವನೆಂದೊಡನೆ ಬಸವಣ್ಣನವರು, ಪುರಂದರವಿಠಲನೆಂದೊಡನೆ ಪುರಂದರದಾಸರು ಕಣ್ಣಮುಂದೆ ನಿಲ್ಲುವರು. ಅಂಕಿತವು ದೇವರಿಗೆ ಅರ್ಪಣೆಯೂ ಹೌದು, ಕರ್ತೃವಿನ ಮುದ್ರೆಯೂ ಹೌದು; ಬಾಯಿಂದ ಬಾಯಿಗೆ ನೂರಾರು ವರ್ಷ ಸಾಗಿದರೂ ಅದು ಕೃತಿಯನ್ನು ಬಿಟ್ಟುಹೋಗಲಿಲ್ಲ. ಆದರೆ ಅಂಕಿತವು ಮಾತಿನಲ್ಲಿ ನಿಲ್ಲುವುದೇ ಹೊರತು ಮಟ್ಟಿನಲ್ಲಿ ನಿಲ್ಲುವುದಿಲ್ಲ. ದಾಸರ ಪದಗಳ ಮಾತುಗಳು ನಮಗೆ ಉಳಿದಿವೆ; ಅವರು ಹಾಡಿದ ಮಟ್ಟುಗಳು ಬಹುಮಟ್ಟಿಗೆ ಕಳೆದುಹೋಗಿವೆ. ಹೀಗಿರುವುದರಿಂದ ಮಾತಿಗೆ ಕವಿಯು ತಾನೇ ಮುದ್ರೆಯೊತ್ತಬಲ್ಲನಾದರೂ, ಮಟ್ಟಿಗೆ ಮುದ್ರೆಯೊತ್ತಬೇಕಾದವರು ಸಮಾಜದವರು, ಎಂದರೆ ದಫ್ತರ, ಕಾಯಿದೆ ಮತ್ತು ಕೇಳುಗರ ನೆನಪು.

ನಮ್ಮಲ್ಲಿ ಕಾಯಿದೆಗಳಿಗೆ ಕೊರತೆಯಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೭ನೆಯ ಕಲಮು, ಹಕ್ಕನ್ನು ಮಾರಿದ ಮೇಲೆಯೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೆ ಕೊಡುತ್ತದೆ. ೨೦೧೨ರ ತಿದ್ದುಪಡಿಯು, ಚಲನಚಿತ್ರಕ್ಕೆ ಗೀತ ಬರೆದವರಿಗೂ ಸಂಗೀತ ಕೊಟ್ಟವರಿಗೂ, ಚಿತ್ರಮಂದಿರದ ಹೊರಗೆ ಅವರ ಕೃತಿಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲನ್ನು ಕೊಡಿಸಿದೆ. ಆದರೆ ಹೊಲದಲ್ಲಿ ನಾಟಿ ಮಾಡುತ್ತ, ಬೀಸುವಕಲ್ಲಿನ ಮುಂದೆ ಕುಳಿತು ಹಾಡುವ ತಾಯಂದಿರಿಗೆ ಯಾವ ಖಾತೆಯಿದೆ? ಅವರ ಹಾಡು ಚಿತ್ರಕ್ಕೆ ಬಂದಾಗ ಕರ್ತೃವಿನ ಸ್ಥಾನದಲ್ಲಿ ‘ಜನಪದ’ ಎಂಬ ಒಂದೇ ಪದವು ಕಾಣುತ್ತದೆ. ಹಾಡು ಸಿಕ್ಕಿದ ಊರು ಯಾವುದು, ಹಾಡಿಕೊಟ್ಟವರು ಯಾರು ಎಂಬುದು ಕಾಣುವುದಿಲ್ಲ.

ಈ ಕೊರತೆಯನ್ನು ತುಂಬುವುದಕ್ಕೆ ದೊಡ್ಡ ಬೊಕ್ಕಸವೇನೂ ಬೇಕಿಲ್ಲ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ೨೦೧೧ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯದಂತಹ ಸಂಸ್ಥೆಯು ನಮ್ಮ ರಾಜ್ಯದಲ್ಲಿಯೇ ಇದೆ. ಸಂಗ್ರಹಿಸಿದ ಪ್ರತಿಯೊಂದು ಹಾಡಿಗೂ ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಬರೆದಿಟ್ಟು, ಕೇಳಿದವರಿಗೆಲ್ಲ ಸುಲಭವಾಗಿ ತೋರಿಸುವ ಒಂದು ದಫ್ತರವು ಇರಬೇಕು. ಅಂತಹ ಹಾಡನ್ನು ಬಳಸುವ ಚಿತ್ರದವರು ಆ ಹೆಸರನ್ನು ತೆರೆಯ ಮೇಲೆ ತೋರಿಸಬೇಕು. ಲಾಭದಲ್ಲಿ ಒಂದಂಶವನ್ನು ಆ ಊರಿಗೆ ಸಲ್ಲಿಸಬೇಕು. ರಾಜ್ಯೋತ್ಸವ, ಗಣೇಶೋತ್ಸವಗಳ ಸಭೆಗಳನ್ನು ಏರ್ಪಡಿಸುವ ನಮ್ಮ ಪಟ್ಟಣಗಳ ಮಹನೀಯರು, ಹಾಡುಗಾರರ ಹೆಸರಿನೊಡನೆ ಕವಿಯ ಮತ್ತು ಸಂಗೀತ ಸಂಯೋಜಕರ ಹೆಸರನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸುವುದನ್ನು ರೂಢಿಯಾಗಿ ಮಾಡಿಕೊಳ್ಳಬೇಕು. ಆಕಾಶವಾಣಿಯವರು ಹಾಡಿಗೆ ಮುಂಚಿತವಾಗಿ ಕವಿಯ ಹೆಸರನ್ನೂ ಸಂಯೋಜಕರ ಹೆಸರನ್ನೂ ಹೇಳುವ ಒಳ್ಳೆಯ ಸಂಪ್ರದಾಯವನ್ನು ಬೆಳೆಸಿರುವರು. ಇತರರು ಅದನ್ನು ಅನುಸರಿಸಿದರೆ ಸಾಕು.

ಲಂಬಾಡದ ಮಟ್ಟು ಇನ್ನೂ ಅನೇಕ ವೇಷಗಳಲ್ಲಿ ಬರಲಿದೆ. ಅದು ಕಿವಿಗೆ ಬಿದ್ದಾಗ ಕುಣಿಯುವವರು ಕುಣಿಯಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕೊಚಬಾಂಬದ ಆ ಅಣ್ಣತಮ್ಮಂದಿರ ಹೆಸರನ್ನು ಮಕ್ಕಳಿಗೆ ಒಮ್ಮೆ ಹೇಳಿದರೆ, ಪ್ಯಾರಿಸಿನಲ್ಲಿ ಅಳಿಸಿದ ಅಂಕಿತವನ್ನು ಇಷ್ಟು ದೂರದಿಂದ ನಾವೂ ತಿದ್ದಿ ಬರೆದಂತಾಗುವುದು. ಅದರೊಡನೆ ನಮ್ಮ ಊರಿನ ಹಾಡುಗಾರರ ಹೆಸರನ್ನೂ ಬರೆದಿಡುವ ಕೆಲಸಕ್ಕೆ ವಿದ್ಯಾವಂತರೂ ಅಧಿಕಾರಿಗಳೂ ತಡಮಾಡದೆ ಕೈಹಾಕಬೇಕೆಂದು ನಮ್ಮ ವಿಜ್ಞಾಪನೆ.